ಎರಡು ಸೀಟಿನ ಸೈಕಲ್ಲು ಮತ್ತು ನಮ್ಮ ಪಿ.ಟಿ. ಮಿಸ್

ಕಳೆದ ವಾರ ಮನೆಗೆ ಪೇಂಟ್ ಮಾಡಿಸಿದೆವು. ರೂಮಿನ ಬೀರು ಸರಿಸಿದಾಗ ಹಿಂದಿನ ಸಂದಿಯಿಂದ ಪೇಂಟರ್ ಒಂದು ಶೂ ಎತ್ತಿ ತೋರಿಸಿದ. ಒಂಟಿ ಶೂ, ಎಡಗಾಲಿನದು. ಅದನ್ನು ತಿರುಗಿಸಿ ಅಟ್ಟೆಯ ಕಡೆ ನೋಡಿದ. ಅಲ್ಲಿ ಕಬ್ಬಿಣದ ತುಂಡೊಂದು ಓರೆಯಾಗಿ ಅಂಟಿಕೊಂಡಿತ್ತು.

"ಇದೇನ್ ಮೇಡಂ, ಶೂಗೂ ಲಾಳ ಹೊಡ್ಸಿದೀರಾ?" ಅಂದ.

ಅವನು ಕುಣಿಗಲ್ ಕಡೆಯವನು. ಅಲ್ಲಿನ ಕುದುರೆ ಫಾರಂ ನೋಡಿಕೊಂಡು ಬೆಳೆದವನಿಗೆ ಹಾಗನ್ನಿಸಿದ್ದು ಸಹಜ. ನಾನು ನಗಬೇಕಿತ್ತು. ನಗು ಬರಲಿಲ್ಲ. ಶೂ ಈಸಿಕೊಂಡು ಬಾಲ್ಕನಿಗೆ ಹೋಗಿ ನಿಂತೆ. ಎದುರು ಮನೆಯ ಮಹಡಿ ಕಾಣುತ್ತಿತ್ತು. ಮಿಸ್ ಇದ್ದದ್ದು ಅಲ್ಲೇ...

ಹೈಸ್ಕೂಲಿನಲ್ಲಿ ಅವರು ನಮಗೆ ಪಿ.ಟಿ. ಮಿಸ್. ನಾನು ಆಟದಲ್ಲಿ ಎಂದೂ ಮುಂದೆ ಬಂದವಳಲ್ಲ. ಥ್ರೋಬಾಲ್ ಬಂದರೆ ಮುಖ ಮುಚ್ಚಿಕೊಳ್ಳುತ್ತಿದ್ದೆ, ಖೋ ಖೋದಲ್ಲಿ ಬೆನ್ನಿಗೆ ಕೈ ಬಿದ್ದರೂ ಏಳಲು ಹೆದರುತ್ತಿದ್ದೆ. ತಲೆನೋವು, ಹೊಟ್ಟೆನೋವು ಎಂದು ದಿನಕ್ಕೊಂದು ನೆಪ. ಅವರು ಬೈಯಲಿಲ್ಲ. ಹೊಂಗೆ ಮರದ ಕೆಳಗೆ ಕೂರಿಸಿ ತಮ್ಮ ವಾಚನ್ನು ಕೈಗೆ ಕೊಟ್ಟು, ಓಡುವವರ ಟೈಮ್ ನೋಡಿ ಹೇಳು ಎನ್ನುತ್ತಿದ್ದರು. ಆ ಕೆಲಸವನ್ನು ನಾನು ಉಸಿರು ಬಿಗಿಹಿಡಿದು ಮಾಡುತ್ತಿದ್ದೆ. ಮುಳ್ಳಿನ ಮೇಲಿಂದ ಕಣ್ಣು ತೆಗೆದರೆ ಏನೋ ಅನಾಹುತವಾಗುತ್ತದೆ ಎಂಬಂತೆ.

ಮದುವೆಯಾಗಿ, ಪಿಯು ಕಾಲೇಜಿನಲ್ಲಿ ಕೆಲಸ ಸಿಕ್ಕಿ, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಈ ಮನೆಗೆ ಬಂದಾಗ ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರನ್ನು ನೋಡಿ ಥಟ್ಟನೆ ನೇರವಾಗಿ ನಿಂತುಬಿಟ್ಟೆ, ಅಸೆಂಬ್ಲಿಯಲ್ಲಿ ನಿಂತ ಹಾಗೆ. ಅವರು ನನ್ನನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದರು. ಮೊದಲು ಬೇಜಾರಾಯಿತು. ಆಮೇಲೆ ಗೊತ್ತಾಯಿತು, ಅವರಿಗೆ ನಾನು ಕಂಡೇ ಇರಲಿಲ್ಲ ಎಂದು. ಅವರ ಕಣ್ಣು ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬರುವ ಕಾಯಿಲೆಗೆ ಸಿಕ್ಕಿತ್ತು. ನಡುವೆ ಮಾತ್ರ ಕಾಣುತ್ತಿತ್ತು. ಅದಕ್ಕೇ ಸ್ಕೂಲಿನ ಕೆಲಸವನ್ನೂ ಬೇಗ ಬಿಟ್ಟಿದ್ದರು. "ಮೊದ್ಲು ಬಳೆಯೊಳಗಿಂದ ನೋಡ್ದಂಗಿತ್ತು ಕಣೇ. ಈಗ ಉಂಗುರ" ಎಂದು ಅವರೇ ಒಂದು ದಿನ ಹೇಳಿದರು. ಬೆರಳನ್ನು ಉಂಗುರದ ಹಾಗೆ ಮಡಿಸಿ ಅದರೊಳಗಿಂದ ನನ್ನನ್ನು ನೋಡಿದರು. ಇನ್ನೆಷ್ಟು ದಿನ ಇಷ್ಟು ಕಾಣುತ್ತದೆ ಎಂದು ಡಾಕ್ಟರು ಹೇಳಿರಲಿಲ್ಲ.

ಅವರು ಮದುವೆಯಾಗಿರಲಿಲ್ಲ. ಹುಡುಗಿಯಾಗಿದ್ದಾಗ ಸೈಕಲ್ ರೇಸಿನಲ್ಲಿ ಹೆಸರು ಮಾಡಿದವರು. ಊರು ಕುಣಿಗಲ್. ಅಲ್ಲಿನ ಕೆರೆ ಏರಿಯ ಮೇಲೆ ಸೈಕಲ್ ಕಲಿತು, ಮುಂದೆ ಅದೇ ರಸ್ತೆಯಲ್ಲಿ ತುಮಕೂರಿನವರೆಗೂ ತುಳಿದು ಪ್ರಾಕ್ಟೀಸ್ ಮಾಡುತ್ತಿದ್ದರಂತೆ. ಈಗ ಸೈಕಲ್ ಇರಲಿ, ತರಕಾರಿ ತರಲು ಸರ್ಕಲ್ಲಿನವರೆಗೆ ನಡೆಯುವುದೂ ಕಷ್ಟವಾಗಿತ್ತು.

ಒಂದು ದಿನ ಮೈಸೂರಿನಿಂದ ಅವರ ತಮ್ಮ ಬಂದು ಮನೆ ಮುಂದೆ ಒಂದು ವಿಚಿತ್ರವಾದ ಸೈಕಲ್ ಇಳಿಸಿದರು. ಉದ್ದನೆಯದು, ಎರಡು ಸೀಟು, ಎರಡು ಜೊತೆ ಪೆಡಲ್ಲು. ಯೋಗ ಕಲಿಯಲು ಬಂದಿದ್ದ ಯಾರೋ ವಿದೇಶಿ ದಂಪತಿ ವಾಪಸ್ ಹೋಗುವಾಗ ಬಿಟ್ಟುಹೋದದ್ದಂತೆ. ಯುಗಾದಿ ಕಳೆದ ಮೇಲೆ ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೋಗುವುದೆಂದು ತಮ್ಮ ತೀರ್ಮಾನ ಮಾಡಿದ್ದರು. ಅಷ್ಟರೊಳಗೆ ಒಂದು ಸಲ ಸೈಕಲ್ ಮೇಲೆ ಕುಣಿಗಲ್‌ಗೆ ಹೋಗಿ ಕೆರೆ ನೋಡಬೇಕೆಂದು ಅಕ್ಕ ಹಟ ಹಿಡಿದಿದ್ದರು. ಮುಂದೆ ಕೂತು ನಡೆಸುವವರು ಯಾರು ಎಂಬುದು ಪ್ರಶ್ನೆಯಾಗಿತ್ತು. ಅವರ ಹಳೆಯ ಶಿಷ್ಯೆಯೊಬ್ಬಳು ಪೊಲೀಸ್ ಇಲಾಖೆಯಲ್ಲಿದ್ದಳು, ಗಟ್ಟಿಗಿತ್ತಿ. ಅವಳು ಬಂದು ಒಂದು ಸುತ್ತು ಹೊಡೆಸಿದಳು. ಮಿಸ್ ಇಳಿದವರೇ ಬೇಡ ಅಂದುಬಿಟ್ಟರು. ಅದೇ ಸಂಜೆ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತಾ ನನ್ನನ್ನು ಕೇಳಿದರು.

ನನಗೆ ಕಾಫಿ ನೆತ್ತಿಗೇರಿತು. ನಾನು ಮನೆಯಿಂದ ಹೊರಡುವಾಗ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಗೇಟಿನಿಂದ ವಾಪಸ್ ಬರುವವಳು. ಸ್ಕೂಟರ್ ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟವಳು. ಸೈಕಲ್ ಗೊತ್ತಿತ್ತು, ನಿಜ. ಚಿಕ್ಕವಳಿದ್ದಾಗ ಕಲಿತದ್ದು, ರಸ್ತೆಯ ಅಂಚಿನಲ್ಲೇ ಹೋಗುವಷ್ಟು. ನನ್ನ ಹೆದರಿಕೆ ನಿಮಗೆ ಗೊತ್ತಲ್ಲ ಮಿಸ್, ಎಂದೆ.

"ಅದುಕ್ಕೇ ಕೇಳ್ತಿರೋದು" ಅಂದರು. "ಧೈರ್ಯ ಇರೋಳು ನನ್ನನ್ನ ಖುಷಿಪಡ್ಸೋಕೆ ನೋಡ್ತಾಳೆ. ಹೆದರೋಳು ರಸ್ತೆ ನೋಡ್ತಾಳೆ. ನಂಗೆ ಹೆದರೋಳೇ ಬೇಕು ಕಣೇ."

ಆಗುವುದಿಲ್ಲ ಎನ್ನಬೇಕಿತ್ತು. ಹೂಂ ಎಂದುಬಿಟ್ಟೆ.

ಆ ಸೈಕಲ್ಲಿನ ಪೆಡಲ್ಲುಗಳೇ ಒಂದು ಭಯ. ಕ್ಲಿಪ್‌ಲೆಸ್ ಪೆಡಲ್ ಎಂದು ಹೆಸರು. ಹೆಸರು ಕೇಳಿದರೆ ಕ್ಲಿಪ್ಪೇ ಇಲ್ಲ ಅನ್ನಿಸುತ್ತದೆ, ಆದರೆ ಕಾಲನ್ನು ಕಚ್ಚಿ ಹಿಡಿಯುವುದೇ ಅದರ ಕೆಲಸ. ಶೂ ಅಡಿಗೆ ಸ್ಕ್ರೂ ಹಾಕಿದ ಲೋಹದ ತುಂಡು ಇರುತ್ತದೆ. ಪೆಡಲ್ ಮೇಲಿಟ್ಟು ಒತ್ತಿದರೆ ಟಕ್ ಎಂದು ಕೂತುಕೊಳ್ಳುತ್ತದೆ. ಆಮೇಲೆ ಎತ್ತಿದರೂ ಎಳೆದರೂ ಬರುವುದಿಲ್ಲ. ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಮಾಮೂಲಿ ಪೆಡಲ್ ಹಾಕಿಸೋಣ ಎಂದು ನಾನು ಅಂಗಲಾಚಿದೆ. ಮಿಸ್ ಒಪ್ಪಲಿಲ್ಲ. ಇಬ್ಬರ ಪೆಡಲ್ಲೂ ಒಂದೇ ಚೈನಿನ ಲೆಕ್ಕದಲ್ಲಿ ತಿರುಗುತ್ತವೆ, ಹಿಂದೆ ಕೂತ ಕಣ್ಣು ಕಾಣದವಳ ಕಾಲು ಜಾರಿದರೆ ತಿರುಗುವ ಪೆಡಲ್ಲೇ ಮೊಣಕಾಲಿಗೆ ಹೊಡೆಯುತ್ತದೆ, ನಿನ್ನದು ಜಾರಿದರೆ ಇಬ್ಬರೂ ಬೀಳುತ್ತೇವೆ ಎಂದರು. ಅವರ ಕಾಲದಲ್ಲಿ ಚರ್ಮದ ಪಟ್ಟಿಯಿಂದ ಕಾಲನ್ನು ಪೆಡಲ್ಲಿಗೆ ಕಟ್ಟಿಕೊಳ್ಳುತ್ತಿದ್ದರಂತೆ, ಬಿಚ್ಚಲು ಬಗ್ಗಬೇಕಿತ್ತಂತೆ. ಅದಕ್ಕೆ ಹೋಲಿಸಿದರೆ ಇದು ಆಟದ ಸಾಮಾನು ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮೊದಲು ಕಾಂಪೌಂಡ್ ಗೋಡೆ ಹಿಡಿದು ಬರೀ ಕಾಲು ಕೂಡಿಸುವುದು, ಬಿಡಿಸುವುದು. ಮಿಸ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಸದ್ದು ಕೇಳುತ್ತಿದ್ದರು. ಸರಿಯಾಗಿ ಬಿಟ್ಟಿತೋ, ಅರ್ಧ ಬಿಟ್ಟಿತೋ ಅವರಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. ನಿಲ್ಲುವ ಜಾಗ ಬಂದ ಮೇಲೆ ಬಿಡಿಸಬೇಡ, ನಿಲ್ಲಬೇಕು ಅನ್ನಿಸಿದಾಗಲೇ ಬಿಡಿಸು ಎಂಬುದು ಅವರ ಪಾಠ. ನನಗೋ ಹತ್ತಿದ ಕ್ಷಣದಿಂದಲೇ ನಿಲ್ಲಬೇಕು ಅನ್ನಿಸುತ್ತಿತ್ತು.

ಅವರನ್ನು ಹಿಂದೆ ಕೂರಿಸಿಕೊಂಡು ಮೊದಲ ಸಲ ನಮ್ಮ ಬೀದಿಯಲ್ಲಿ ಹೊರಟಾಗ ಕೊನೆಯ ಹಂಪ್‌ನಲ್ಲಿ ಬಿದ್ದೆವು. ವೇಗದಿಂದಲ್ಲ. ನಿಲ್ಲಿಸಿದೆ, ನಿಂತೆವು, ಆಮೇಲೆ ಕಾಲು ಬಿಡಿಸಿ ಕೆಳಗಿಡಬೇಕೆಂಬುದನ್ನು ಮೈ ಮರೆತೇಬಿಟ್ಟಿತು. ಇಬ್ಬರೂ ಸೈಕಲ್ ಸಮೇತ ನಿಧಾನವಾಗಿ ಪಕ್ಕಕ್ಕೆ ವಾಲಿದೆವು. ವಾಲುತ್ತಿರುವಾಗ, ಬೀಳುತ್ತಿದ್ದೇವೆ ಎಂದು ಪೂರ್ತಿ ಗೊತ್ತಿರುತ್ತದೆ, ಮಾಡಲು ಮಾತ್ರ ಏನೂ ಇರುವುದಿಲ್ಲ... ಮಿಸ್ ಮೊಣಕೈ ತರಚಿ ರಕ್ತ ಬಂತು. ನೆಲದ ಮೇಲೆ ಬಿದ್ದುಕೊಂಡೇ ಅವರು ನಗುತ್ತಿದ್ದರು, ನಾನು ಅಳುತ್ತಿದ್ದೆ. ಬೀದಿಯವರು ಬಂದು ಎತ್ತಿದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಒಬ್ಬರು ಗೊಣಗಿದರು. ಯಾರ ವಯಸ್ಸಿನ ಬಗ್ಗೆ ಅಂದರೋ ತಿಳಿಯಲಿಲ್ಲ.

ಆಮೇಲೆ ನನ್ನ ಗಂಡ ಒಂದು ಉಪಾಯ ಹೇಳಿದರು. ಗುಬ್ಬಿ ದಾಟಿ ಬಿದರೆಹಳ್ಳ ಕಾವಲ್ ಕಡೆ ಹೆಲಿಕಾಪ್ಟರ್ ಫ್ಯಾಕ್ಟರಿಯ ಸುತ್ತ ರಸ್ತೆಗಳು ಅಗಲ, ಭಾನುವಾರ ಬೆಳಿಗ್ಗೆ ಓಡಾಟವೂ ಕಡಿಮೆ. ಅಲ್ಲಿಗೆ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗತೊಡಗಿದೆವು. ದಾರಿಯುದ್ದಕ್ಕೂ ನಾನು ಮಳೆ ಬರಲಿ, ಟಯರ್ ಪಂಕ್ಚರ್ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆದರೆ ಒಮ್ಮೆ ಹೊರಟೆವೆಂದರೆ ಬೇರೆ ಯೋಚನೆಗೆ ಜಾಗವಿರುತ್ತಿರಲಿಲ್ಲ. ಮುಂದೆ ಕಂಡದ್ದನ್ನೆಲ್ಲ ನಾನು ಗಟ್ಟಿಯಾಗಿ ಹೇಳಬೇಕಿತ್ತು. ಗುಂಡಿ, ಮರಳು, ನಾಯಿ, ಎಡಕ್ಕೆ ತಿರುವು. ಹೇಳಿದ ಕೂಡಲೇ ಹಿಂದಿನಿಂದ ಅವರ ತೂಕ ಸರಿಯಾಗಿ ಆ ಕಡೆ ವಾಲುತ್ತಿತ್ತು. ನಿಲ್ಲುವಾಗ ಅವರ ಕಾಲು ಪೆಡಲ್ಲಿನಲ್ಲೇ ಇರುತ್ತಿತ್ತು. ಎಡಗಾಲು ಬಿಡಿಸಿ ನೆಲಕ್ಕೂರಿ ಇಬ್ಬರ ಭಾರವನ್ನೂ ಹಿಡಿಯುವುದು ನನ್ನ ಕೆಲಸ. ಅವರಿಗೆ ನೆಲ ಕಾಣುವುದಿಲ್ಲವಲ್ಲ.

ಯುಗಾದಿ ಹತ್ತಿರ ಬಂತು. ಒಂದು ಭಾನುವಾರ ಬೆಳಕು ಹರಿಯುವಾಗ ಕುಣಿಗಲ್ ರಸ್ತೆ ಹಿಡಿದೆವು. ನನ್ನ ಗಂಡ ಹಿಂದೆ ಕಾರಿನಲ್ಲಿ ಬರುತ್ತೇನೆಂದರು. ಮಿಸ್ ಬೇಡವೆಂದರು. ಹಿಂದೆ ಕಾರಿದ್ದರೆ ಇವಳ ಗಮನವೆಲ್ಲ ಅದರ ಮೇಲೇ ಇರುತ್ತದೆ, ನೀವು ಮುಂದೆ ಹೋಗಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕಾಯಿರಿ ಎಂದು ಕಳಿಸಿಬಿಟ್ಟರು.

ಗೂಳೂರು ದಾಟುವವರೆಗೆ ನನ್ನ ಕೈಗಳು ಹ್ಯಾಂಡಲ್ಲಿಗೆ ಬೆಸೆದುಕೊಂಡಂತಿದ್ದವು. ಪ್ರತಿಯೊಂದು ಲಾರಿ ಹಾದುಹೋದಾಗಲೂ ಅದರ ಗಾಳಿಗೆ ಸೈಕಲ್ ಒಮ್ಮೆ ಅದುರುತ್ತಿತ್ತು. ಹಿಂದಿನಿಂದ ಮಾತ್ರ ಒಂದೇ ಸಮನೆ ತುಳಿತ. ಹೆಬ್ಬೂರಿನಲ್ಲಿ ನಿಲ್ಲಿಸಿ ಟೀ ಕುಡಿದೆವು. ಅಂಗಡಿಯ ಮುಂದೆ ಜಲ್ಲಿಕಲ್ಲು ಹರಡಿತ್ತು, ಅದರ ಮೇಲೆ ನಡೆಯುವಾಗ ಶೂ ಅಡಿಯಿಂದ ಕರಕರ ಸದ್ದು ಬರುತ್ತಿತ್ತು. ಬಹುಶಃ ಸ್ಕ್ರೂ ಬಿದ್ದದ್ದು ಅಲ್ಲೇ ಇರಬೇಕು... ಈಗಲೂ ಸರಿಯಾಗಿ ಗೊತ್ತಿಲ್ಲ.

ಕುಣಿಗಲ್ ಕೆರೆ ಏರಿಗೆ ಹತ್ತಿದಾಗ ಬಿಸಿಲು ಬಂದಿತ್ತು. ಎಡಕ್ಕೆ ನೀರು. ಅಂಚಿನಲ್ಲಿ ಅಲ್ಲಲ್ಲಿ ಕಲ್ಲುಗಳು, ಅದರಾಚೆ ಇಳಿಜಾರು. ನಿಲ್ಲಿಸಿ ಕೆರೆ ತೋರಿಸೋಣವೆಂದು, ಕಲಿತ ಪಾಠದಂತೆ ಮೊದಲೇ ಎಡಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದೆ. ಕಾಲು ತಿರುಗಿತು. ಟಕ್ ಎನ್ನಲಿಲ್ಲ. ಇನ್ನಷ್ಟು ತಿರುಗಿಸಿದೆ. ಶೂ ಸುಮ್ಮನೆ ಗಿರಕಿ ಹೊಡೆಯಿತು, ಪೆಡಲ್ ಬಿಡಲಿಲ್ಲ. ಹೇಳಲೋ ಬೇಡವೋ ಎಂದು ಸ್ವಲ್ಪ ದೂರ ಹಾಗೇ ತುಳಿದೆ. ಮುಂದೆ ಒಂದು ಟ್ರ್ಯಾಕ್ಟರ್ ಹುಲ್ಲು ತುಂಬಿಕೊಂಡು ನಿಂತಿತ್ತು. ಹಿಂದಿನಿಂದ ಬಸ್ಸಿನ ಹಾರನ್ ಕೇಳಿಸಿತು.

"ಮಿಸ್, ನನ್ ಕಾಲು ಬರ್ತಿಲ್ಲ."

"ಯಾವ್ದು?"

"ಎಡಗಾಲು. ತಿರುಗುತ್ತೆ, ಬಿಡ್ತಿಲ್ಲ."

ಒಂದು ಕ್ಷಣ ಅವರ ತುಳಿತ ನಿಂತಿತು. "ಅಡಿ ಸ್ಕ್ರೂ ಒಂದು ಬಿದ್ದೋಗಿರ್ಬೇಕು, ಶೂ ಮಾತ್ರ ತಿರುಗ್ತಿದೆ. ಇನ್ ಅದು ಬಿಡಲ್ಲ, ಎಳೀಬೇಡ. ಬಲಗಾಲಲ್ಲಿ ನಿಲ್ತೀಯಾ?"

ಬಲಗಡೆ ನಾನು ಒಮ್ಮೆಯೂ ಇಳಿದವಳಲ್ಲ. ಬಸ್ಸು ಬರುತ್ತಿದ್ದದ್ದೂ ಆ ಕಡೆಯೇ. ಆಗಲ್ಲ ಮಿಸ್ ಎಂದೆ. ಆಗಲ್ಲ, ಆಗಲ್ಲ ಎಂದು ಅದನ್ನೇ ಹೇಳುತ್ತಿದ್ದೆ ಅಂತ ಕಾಣುತ್ತದೆ. ಅವರ ದನಿ ಏರಲಿಲ್ಲ. ಮಾತು ಮಾತ್ರ ಬದಲಾಯಿತು. ತುಮಕೂರಿನ ಟೀಚರ್ ಮಾತು ಹೋಗಿ ಹಳ್ಳಿಯ ಮಾತು ಬಂತು.

"ಬುಡು ಹಂಗಾದ್ರೆ. ನಾನೇ ನಿಲ್ತೀನಿ. ಬಸ್ ಹೋಗ್ಲಿ, ಆಮೇಕೆ ಮೆಲ್ಲಕ್ಕೆ ಬ್ರೇಕ್ ಹಿಡಿ. ನೆಲ ಹೆಂಗೈತೆ ಅಷ್ಟು ಹೇಳು ನಂಗೆ."

ಬಸ್ಸು ಉಜ್ಜಿಕೊಂಡೇ ಹೋಯಿತೇನೋ ಎಂಬಂತೆ ಹಾದುಹೋಯಿತು. ಹಿಂದೆ ಟಕ್, ಟಕ್ ಎಂದು ಅವರ ಎರಡೂ ಕಾಲು ಬಿಡಿಸಿಕೊಂಡ ಸದ್ದು ಕೇಳಿಸಿತು. ಟಾರು ಮುಗಿದು ಮಣ್ಣು ಬಂತು ಮಿಸ್, ಸಮ ಇದೆ, ಎಡಕ್ಕೆ ಒಂದು ಕಲ್ಲು, ಕಲ್ಲು ದಾಟಿತು, ಈಗ ಸಮ, ಎನ್ನುತ್ತಾ ಬ್ರೇಕ್ ಒತ್ತಿದೆ. ಸೈಕಲ್ ನಿಂತಿತು. ಎಡಕ್ಕೆ, ನೀರಿನ ಕಡೆಗೆ, ವಾಲತೊಡಗಿತು. ಆ ವಾಲುವಿಕೆ ನನಗೆ ಪರಿಚಯವಿತ್ತು. ಕಣ್ಣು ಮುಚ್ಚಿಕೊಂಡೆ.

ಬೀಳಲಿಲ್ಲ. ಸೈಕಲ್ ಒಮ್ಮೆ ಜಗ್ಗಿ ನೆಟ್ಟಗಾಯಿತು. ಮಿಸ್ ಸೀಟಿನಿಂದ ಮುಂದಕ್ಕೆ ಜಾರಿ, ತಮಗೆ ಕಾಣದ ನೆಲದ ಮೇಲೆ ಎರಡೂ ಕಾಲು ಅಗಲಿಸಿ ಊರಿ, ನನ್ನನ್ನೂ ಸೈಕಲ್ಲನ್ನೂ ಹಿಡಿದು ನಿಂತಿದ್ದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

"ಲೇಸ್ ಬಿಚ್ಚಿ ಕಾಲು ತಗಿ. ಶೂ ಅಲ್ಲೇ ಇರ್ಲಿ" ಅಂದರು.

ನನ್ನ ಬೆರಳುಗಳಿಗೆ ಗಂಟು ಬಿಚ್ಚುವುದು ಮರೆತಂತಾಗಿತ್ತು. ಅವರು ಅವಸರ ಮಾಡಲಿಲ್ಲ. ಕೊನೆಗೆ ಕಾಲು ಹೊರಬಂತು. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಸಾಕ್ಸ್. ನೆಲದ ಬಿಸಿ ಹತ್ತಿದಾಗ ನಾನು ಇಳಿದೆ ಎಂದು ನಂಬಿಕೆ ಬಂತು. ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ಟ್ರ್ಯಾಕ್ಟರಿನವನು ಬಂದು ಸೈಕಲ್ ಹಿಡಿದುಕೊಂಡ. ಇಷ್ಟುದ್ದದ ಸೈಕಲ್ ಎಲ್ಲಿ ಸಿಕ್ಕಿತು ಎಂದು ವಿಚಾರಿಸುತ್ತಲೇ ಇದ್ದ.

ಮಿಸ್ ಕೆರೆಯ ಕಡೆ ತಿರುಗಿ ನಿಂತರು. ತಲೆಯನ್ನು ತುಂಬ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಳಿಸಿದರು. ಮತ್ತೆ ಸ್ವಲ್ಪ ತಗ್ಗಿಸಿ ಆ ತುದಿಯಿಂದ ಈ ತುದಿಗೆ. ನಾವೆಲ್ಲ ಒಂದೇ ನೋಟಕ್ಕೆ ನೋಡಿ ಮುಗಿಸುವುದನ್ನು ಅವರು ಹಾಗೆ ಸಾಲು ಸಾಲಾಗಿ ನೋಡುತ್ತಿದ್ದರು. ನಾನು ಎದ್ದು ಪಕ್ಕಕ್ಕೆ ಹೋಗಿ, ಕಾಣಿಸಿತಾ ಮಿಸ್ ಎಂದು ಕೇಳಿದೆ.

"ಚೂರ್ ಚೂರೇ ನೋಡ್ದೆ. ಒಟ್ಟಿಗೆ ಸಿಕ್ಕಲ್ಲ ಈಗ." ಮತ್ತೊಮ್ಮೆ ತಲೆ ಹೊರಳಿಸಿ, "ಆದ್ರೂ ಅದೇ ಕೆರೆ" ಅಂದರು.

ಹೋಟೆಲಿನವರೆಗೆ ಸೈಕಲ್ ತಳ್ಳಿಕೊಂಡು ಹೋದೆವು. ನನ್ನ ಗಂಡ ನನ್ನ ಸಾಕ್ಸ್ ಕಾಲು ನೋಡಿ ಗಾಬರಿಯಾದರು. ಮಿಸ್ ಏನೂ ಆಗದವರಂತೆ ತಟ್ಟೆ ಇಡ್ಲಿ ಹೇಳಿ, ತಿಂದು, ಇನ್ನೊಂದು ಹೇಳಿದರು. ಪೆಡಲ್ಲಿಗೆ ಕಚ್ಚಿಕೊಂಡಿದ್ದ ಶೂವನ್ನು ಪಂಕ್ಚರ್ ಅಂಗಡಿಯವನು ಸ್ಪ್ಯಾನರ್ ಹಾಕಿ ಮೀಟಿ ತೆಗೆದ. ಸೈಕಲ್ಲನ್ನು ಗೂಡ್ಸ್ ಆಟೋಗೆ ಹಾಕಿಸಿ ನಾವು ವಾಪಸ್ ಬಂದದ್ದು ಕಾರಿನಲ್ಲಿ.

ಯುಗಾದಿಯಾದ ಮೇಲೆ ತಮ್ಮ ಬಂದು ಅವರನ್ನು ಮೈಸೂರಿಗೆ ಕರೆದುಕೊಂಡು ಹೋದರು. ಆಗಾಗ ಫೋನ್ ಮಾಡುತ್ತಿದ್ದೆ. ಒಂದು ಸಲ ಮಾತಿನ ನಡುವೆ, ಉಂಗುರವೂ ಹೋಯಿತು ಎಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. ಉಂಗುರದಷ್ಟು ಉಳಿದಿದ್ದ ನೋಟವೂ ಹೋಗಿತ್ತು. ಅವರೇ ವಿಷಯ ಬದಲಿಸಿ, ಗ್ಯಾಸ್ ಆಫ್ ಮಾಡಿದ್ದೀಯಾ ಎಂದು ತಮಾಷೆ ಮಾಡಿದರು. ಹೋದ ವರ್ಷ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಸ್ಟ್ರೋಕ್ ಆಗಿ, ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು.

ನಾನು ಮೈಸೂರಿಗೆ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ತಮ್ಮನ ಹೆಂಡತಿ ನನಗೆ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು. ಸೈಕಲ್ ಓಡಿಸಿದವರು ನೀವೇ ಅಲ್ಲವೇ ಎಂದು ಕೇಳಿದರು. ಹೌದೆಂದೆ.

"ನಿಮ್ ವಿಷ್ಯ ತುಂಬಾ ಹೇಳ್ತಿದ್ರು. ಕುಣಿಗಲ್‌ಗೆ ಹೋದ ದಿನ ತುಮಕೂರಿಂದ ಏರಿವರ್ಗೂ ಕಣ್ಣು ಮುಚ್ಕೊಂಡೇ ಕೂತಿದ್ರಂತೆ, ಅಷ್ಟು ಭಯ ಆಗಿತ್ತಂತೆ. ಅವ್ಳಿಗೆ ಮಾತ್ರ ಹೇಳ್ಬೇಡಿ, ಗೊತ್ತಾದ್ರೆ ಮತ್ತೆ ಸೈಕಲ್ ಮುಟ್ಟಲ್ಲ ಅಂತಿದ್ರು" ಎಂದರು ಅವರು.

ಮಿಸ್ ಮುಖ ನನ್ನ ಬೆನ್ನ ಹಿಂದೆ ಇತ್ತು. ಅಷ್ಟು ತಿಂಗಳೂ ಹಿಂದೆಯೇ ಇತ್ತು. ತಿರುಗಿ ನೋಡುವಂತಿರಲಿಲ್ಲ, ನಾನು ರಸ್ತೆ ನೋಡಬೇಕಿತ್ತು.

ಪೇಂಟಿನವರು ನಿನ್ನೆ ಕೆಲಸ ಮುಗಿಸಿಕೊಂಡು ಹೋದರು. ಘಾಟು ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದು ಇದನ್ನು ಬರೆಯುತ್ತಿದ್ದೇನೆ. ಈಗಲೂ ಭಾನುವಾರ ಒಬ್ಬಳೇ ಒಂದಿಷ್ಟು ದೂರ ಮಾಮೂಲಿ ಸೈಕಲ್ ತುಳಿಯುತ್ತೇನೆ, ಕೋರದವರೆಗೆ ಹೋಗಿ ಬಂದದ್ದೂ ಉಂಟು. ಭಯ ಹೋಗಿದೆಯಾ ಎಂದು ಜನ ಕೇಳುತ್ತಾರೆ. ಹೋಗಿಲ್ಲ. ಅವತ್ತೇ ಅವರು ತಮ್ಮ ಭಯ ಹೇಳಿದ್ದರೆ ನಾನು ಅಲ್ಲೇ ಇಳಿದುಬಿಡುತ್ತಿದ್ದೆ, ಅದೂ ನಿಜ. ಆದರೂ ನಾನೊಮ್ಮೆ ಕೇಳಬಹುದಿತ್ತು ಅನ್ನಿಸುತ್ತದೆ. ನನ್ನ ಹೆದರಿಕೆಯನ್ನೇ ದಿನವೂ ಅವರ ಮುಂದೆ ಹರಡಿಕೊಂಡು ಕೂರುತ್ತಿದ್ದೆನಲ್ಲ, ನಡುವೆ ಎಲ್ಲಾದರೂ ಒಂದು ಸಲ... ನಿಮಗೆ ಹೇಗಿದೆ ಮಿಸ್ ಎಂದು.

ಎದುರು ಮಹಡಿಯಲ್ಲಿ ಈಗ ಯಾರೋ ಹೊಸಬರಿದ್ದಾರೆ. ಅವರ ಬಾಗಿಲು ಮುಚ್ಚಿದೆ.